ಕೊನೆಯ ಮೆಟ್ಟಿಲಿನ ಸ್ವರ

"ಈ ಬೆಂಚನ್ನೇ ಪಿಯಾನೋ ಅಂದ್ಕೊ," ಎಂದ ಸಬ್‌ಇನ್ಸ್‌ಪೆಕ್ಟರ್ ಚಿಕ್ಕಸ್ವಾಮಿ. "ನಿಮ್ಮ ತಾತ ದಿನಾ ಸಂಜೆ ಬಾರಿಸ್ತಿದ್ದುದನ್ನ ನನಗೆ ತೋರ್ಸು."

ಪವಿತ್ರ ತಲೆಯೆತ್ತಿ ಅವನನ್ನು ನೋಡಿದಳು. ಶ್ರೀರಂಗಪಟ್ಟಣದ ಠಾಣೆಯಲ್ಲಿ ಕೊಲೆ ಆರೋಪಿಯನ್ನು ಇಂಥದ್ದೊಂದು ಕೇಳಿದವರು ಹಿಂದೆ ಯಾರೂ ಇರಲಿಲ್ಲ. ಬಾಗಿಲ ಬಳಿ ಕುಳಿತಿದ್ದ ಮಹಿಳಾ ಪೇದೆ ಪಾರ್ವತಮ್ಮ ಬಾಯಿಗೆ ಹಾಕಿಕೊಳ್ಳಬೇಕಿದ್ದ ಅಡಿಕೆ ಚೂರನ್ನು ಕೈಯಲ್ಲೇ ಹಿಡಿದು ಕುಳಿತಳು.

"ತೋರ್ಸಿ ಏನಾಗ್ಬೇಕು ಸಾರ್? ಸಂಜೆ ಮ್ಯಾಜಿಸ್ಟ್ರೇಟ್ರ ಮನೆಗೆ ಕರ್ಕೊಂಡು ಹೋಗ್ತೀರಂತಲ್ಲ."

"ಎಂಟು ಗಂಟೆ ಒಳಗೆ ಹೋಗ್ಬೇಕು. ಈಗ ಮೂರೂವರೆ. ಅಲ್ಲೀಗಂಟ ಟೈಮದೆ."

ಪಾಲಹಳ್ಳಿಯ ಚೌಡಯ್ಯನವರು ತಮ್ಮ ಪಿಯಾನೋದ ಪಕ್ಕದ ಮಂಚದ ಮೇಲೆ, ಮುಖಕ್ಕೆ ದಿಂಬು ಒತ್ತಿಸಿಕೊಂಡು ಸತ್ತು ಅಂದಿಗೆ ಮೂರು ದಿನ. ಮಧ್ಯಾಹ್ನ ಮೂರಕ್ಕೆ ಎದುರು ಮನೆಯ ಬೈರಮ್ಮ ಅವರ ಕೈಗೆ ಮಜ್ಜಿಗೆ ಕೊಟ್ಟಿದ್ದಳು. ಸಂಜೆ ಆರಕ್ಕೆ ಅವರು ಪಿಯಾನೋ ಬಾರಿಸಿದ್ದನ್ನು ಬೀದಿಯೆಲ್ಲ ಕೇಳಿತ್ತು. ಆರೂವರೆಗೆ ಮೊಮ್ಮಗಳು ಪವಿತ್ರ ಬಸ್ಸಿಳಿದು ಒಳಗೆ ಹೋಗಿದ್ದಳು, ಆರೂಮುಕ್ಕಾಲಿಗೆ ಕೂಗಿಕೊಂಡಿದ್ದಳು. ಆರರಿಂದ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದ ಬೈರಮ್ಮನ ಕಣ್ಣೆದುರಿಗೇ ಆ ಬಾಗಿಲು. ಪವಿತ್ರಳನ್ನು ಬಿಟ್ಟು ಇನ್ನೊಬ್ಬರು ಹೊಸಿಲು ದಾಟಿರಲಿಲ್ಲ.

ಆ ಕಾಲು ಗಂಟೆ ಒಳಗೆ ಏನು ಮಾಡುತ್ತಿದ್ದೆ ಎಂದು ಕೇಳಿದರೆ, "ತಾತ ಮಲ್ಗವ್ರೆ ಅಂತ ಕಾಫಿಗಿಟ್ಟೆ" ಎಂದಿದ್ದಳು. ಅದನ್ನು ನಂಬುವವರು ಯಾರು? ಅದಕ್ಕೂ ವಾರದ ಹಿಂದೆ ಅವಳು ತಾತನ ಮೇಲೆ ಕಿರುಚಿದ್ದನ್ನು ಬೀದಿಯೇ ಕೇಳಿಸಿಕೊಂಡಿತ್ತು. 'ನೀವು ಸತ್ತ ಮ್ಯಾಲಾದ್ರೂ ಅದ್ನ ಬಾರಿಸೇ ಬಾರಿಸ್ತೀನಿ.' ಐದು ಜನರ ಹೇಳಿಕೆಯಲ್ಲಿ ಆ ಮಾತು ಅಕ್ಷರ ತಪ್ಪದೆ ಇತ್ತು. ನಿನ್ನೆ ರಾತ್ರಿ ಎಂಟಕ್ಕೆ ಚಿಕ್ಕಸ್ವಾಮಿಯೇ ರುಜು ಹಾಕಿ ಅವಳನ್ನು ದಸ್ತಗಿರಿ ಮಾಡಿದ್ದ.

ಎಲ್ಲವೂ ಸರಿಯಾಗಿತ್ತು. ಆದರೆ ಜೀಪು ಹತ್ತುವಾಗ ಆ ಹುಡುಗಿ ಕೇಳಿದ ಒಂದೇ ಒಂದು ಮಾತು ಅವನನ್ನು ರಾತ್ರಿಯೆಲ್ಲ ಕೊರೆದಿತ್ತು. 'ಕಿಟಕಿ ಮುಚ್ಚಿದ್ರಾ ಸಾರ್? ಮಳೆ ಬಂದ್ರೆ ತಾತನ ಸಂಗೀತದ ಹಾಳೆ ನೆನೆದೋಯ್ತವೆ.' ಮೂವತ್ತು ವರ್ಷದ ಸರ್ವೀಸಿನಲ್ಲಿ ಅವನು ಕೊಲೆಗಾರರನ್ನು ಕಂಡಿದ್ದ. ಜೀಪು ಹತ್ತುವಾಗ ಅವರು ತಮ್ಮ ಚಿಂತೆ ಮಾಡುತ್ತಾರೆ, ಹಾಳೆಯ ಚಿಂತೆ ಮಾಡುವುದಿಲ್ಲ.

ಪವಿತ್ರ ಬೆಂಚಿನ ತುದಿಗೆ ತಿರುಗಿ ಕುಳಿತು ಎರಡೂ ಕೈ ಮರದ ಮೇಲಿಟ್ಟಳು.

"ಬಲಗೈ ಒಂದೇ ಹಾಡು ಹೇಳ್ತಿರ್ತದೆ ಸಾರ್. ಚಿಕ್ಕ ಹಾಡು, ಯಾರು ಬೇಕಾದ್ರೂ ಗುನುಗ್ಬೋದು. ಎಡಗೈ ಮಾತ್ರ ಪ್ರತಿಸಲ ಒಂದು ಮೆಟ್ಲು ಕೆಳಕ್ಕಿಳೀತದೆ. ಹೊಳೆಗೆ ಸೋಪಾನಕಟ್ಟೆ ಇಳೀತೀವಲ್ಲ, ಹಂಗೆ. ಹಾಡು ಅದೇ, ಆದ್ರೆ ಕೆಳಗೆ ಇಳಿದಷ್ಟೂ ಬೇರೆ ಥರ ಕೇಳ್ತದೆ."

ಅವಳ ಬೆರಳುಗಳು ಬೆಂಚಿನ ಮೇಲೆ ನಡೆದವು. ಸದ್ದು ಬರೀ ಮರದ್ದು. ಚಿಕ್ಕಸ್ವಾಮಿಗೆ ಭಜನೆಯ ತಾಳ ಗೊತ್ತು, ತಮಟೆ ಗೊತ್ತು. ಅದರಾಚೆಗಿನ ಸಂಗೀತ ಅವನ ಸೀಮೆಗೆ ಸೇರಿದ್ದಲ್ಲ. ಆದರೂ ಬಗ್ಗಿ ನೋಡಿದ.

"ಇದರ ಹೆಸರೇನು?"

"ಮೊದಲ್ನೇ ಹಾಳೆ ಹರಿದೋಗದೆ, ಹೆಸರು ತಾತಂಗೂ ಗೊತ್ತಿರ್ಲಿಲ್ಲ. ಜರ್ಮನಿ ಕಡೆಯೋನು ಯಾರೋ ನೂರೈವತ್ತು ವರ್ಷದ ಹಿಂದೆ ಬರ್ದಿದ್ದಂತೆ. ದೊಡ್ಡೋರ ಸಂಗೀತ ಲೋಕವೆಲ್ಲ ಬಾರಿಸ್ತದೆ, ಇವನ್ದು ನಾವೂ ಬಾರಿಸ್ದಿದ್ರೆ ಇನ್ಯಾರು ಬಾರಿಸ್ತಾರೆ ಅನ್ನೋರು."

ಚೌಡಯ್ಯ ಹುಡುಗನಾಗಿದ್ದಾಗ ಮೈಸೂರಿನ ಅರಮನೆಯ ಬ್ಯಾಂಡಿಗೆ ಕೆಲಸಕ್ಕೆ ಸೇರಿ, ವಾದ್ಯ ಒರೆಸುತ್ತ ಒರೆಸುತ್ತಲೇ ಬಾರಿಸುವುದನ್ನು ಕಲಿತವರು. ಬ್ಯಾಂಡು ಕರಗಿದಾಗ ಯಾರಿಗೂ ಬೇಡವಾದ ಹಳೆಯ ಪಿಯಾನೋ ಒಂದನ್ನು ಎತ್ತಿನ ಗಾಡಿಗೆ ಹೇರಿಕೊಂಡು ಊರಿಗೆ ಬಂದಿದ್ದರು. ಬಂದ ವರ್ಷವೇ ಬೂಕನಕೆರೆಯ ನೆಂಟರ ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡುವಾಗ ಎಡಗೈ ಕಿರುಬೆರಳು ಹೋಯಿತು. ಆಮೇಲೂ ಒಂಬತ್ತು ಬೆರಳಲ್ಲಿ ಇಪ್ಪತ್ತಾರು ವರ್ಷ ಬಾರಿಸಿದ್ದರು.

"ಕೇಳೋಕೆ ದುಃಖವಾಗಿರ್ತದಾ?"

"ದುಃಖದಲ್ಲಿರೋರು ನಡ್ಕೊಂಡೋಗೋ ಹಂಗಿರ್ತದೆ. ಎಲ್ಲೂ ನಿಲ್ಲಂಗಿಲ್ಲ. ನಡುವೆ ಒಂದು ಕಡೆ ಮೋಡ ಸರಿದು ಬಿಸ್ಲು ಬರ್ತದೆ, ಆಗ್ಲೂ ಓಡಂಗಿಲ್ಲ. ಅದೇ ನಡಿಗೆ. ಸ್ವಲ್ಪ ಎಳೆದ್ರೂ ಕೆಟ್ಟೋಯ್ತದೆ. ನಾನು ಒಂದ್ಸಲ ಎಳೆದಿದ್ದಕ್ಕೆ ತಾತ ಸ್ಕೇಲಲ್ಲಿ ಹೊಡೆದಿದ್ರು."

"ನಿಮ್ಮ ತಾತ ಎಳೀತಿರ್ಲಿಲ್ವಾ?"

"ಒಂದಿನಾನೂ ಇಲ್ಲ. ಜ್ವರ ಬಂದಾಗ್ಲೂ ಇಲ್ಲ."

ಎಡಗೈ ಬೆಂಚಿನ ಅಂಚಿಗೆ ಬಂದಿತ್ತು. ಅಲ್ಲಿ ಅವಳು ತಟ್ಟನೆ ನಿಂತಳು; ಬರಿಗಾಲನ್ನು ಎತ್ತಿ ನೆಲಕ್ಕೆ ಒಮ್ಮೆ ಕುಟ್ಟಿದಳು.

"ಇದೇನು?"

"ಕೊನೇ ಮೆಟ್ಲು. ಅದು ಎಡಗೈ ಕಿರುಬೆರಳಿನ ಸ್ವರ. ನೀರಿಗೆ ಕಾಲಿಟ್ಟಂಗಿರ್ಬೇಕು. ತಾತಂಗೆ ಆ ಬೆರಳಿಲ್ವಲ್ಲ, ಅಲ್ಲಿಗೆ ಬಂದಾಗ ಸುಮ್ಮನಾಗಿ ಕಾಲಲ್ಲಿ ಕುಟ್ಟೋರು. 'ಈ ಮೆಟ್ಲು ನಂದಲ್ಲ ಕಣವ್ವ, ನಾನು ಸತ್ತ ಮ್ಯಾಲೆ ನೀನು ಇಳೀವಂತೆ' ಅನ್ನೋರು. ಬಿಡಿಬಿಡಿಯಾಗಿ ಎಲ್ಲಾ ಕಲ್ಸಿದ್ರು, ಕೊನೇ ಹಾಳೆ ಮಾತ್ರ ಮುಟ್ಟಕ್ಕೆ ಬಿಡ್ತಿರ್ಲಿಲ್ಲ. ಅದಕ್ಕೇ ಅವತ್ತು ಜಗಳ ಆಡಿದ್ದು."

ಐದು ಜನರ ಹೇಳಿಕೆಯಲ್ಲಿದ್ದ ಆ ಮಾತು ಮೊದಲು ತಾತನ ಬಾಯಿಂದಲೇ ಬಂದದ್ದು ಎಂಬುದು ಚಿಕ್ಕಸ್ವಾಮಿಗೆ ಆಗ ತಿಳಿಯಿತು.

"ಹಂಗಾದ್ರೆ ನೀನು ಇದನ್ನ ಕೊನೇವರೆಗೂ ಬಾರಿಸೇ ಇಲ್ಲ."

"ಇಲ್ಲ ಸಾರ್," ಎಂದಳು. ಕೈಗಳನ್ನು ಬೆಂಚಿನಿಂದ ತೆಗೆದು ಸೆರಗಿನೊಳಗೆ ಇಟ್ಟುಕೊಂಡಳು.

*

ಜೀಪು ಪಾಲಹಳ್ಳಿ ತಲುಪಿದಾಗ ಐದೂಕಾಲು. ಮೂರು ದಿನದಿಂದ ಮೋಡ ಕವಿದೇ ಇತ್ತು. ಮಳೆಯೂ ಬಾರದು, ಬಿಸಿಲೂ ಬಾರದು. ನಾಲೆ ನಿಲ್ಲಿಸಿದ್ದರಿಂದ ಕಾಲುವೆಯಲ್ಲಿ ಕೆಸರು ಒಣಗುತ್ತಿತ್ತು. ಬೀಗ ಹಾಕಿ ಅರಗು ಒತ್ತಿದ ಚೌಡಯ್ಯನವರ ಮನೆಯ ಮುಂದೆ ಯಾರೋ ಸಾರಿಸಿ ರಂಗೋಲಿ ಇಡದೆ ಬಿಟ್ಟಿದ್ದರು.

ಬೈರಮ್ಮ ಎಮ್ಮೆಗೆ ಹಿಂಡಿ ಕಲೆಸುತ್ತಿದ್ದಳು. ಅರವತ್ತು ದಾಟಿದ ಹೆಂಗಸು. ಇಪ್ಪತ್ತಾರು ವರ್ಷ ದಿನವೂ ಆ ಪಿಯಾನೋ ಕೇಳುತ್ತಲೇ ಹಾಲು ಕರೆದವಳು.

"ಬೈರಮ್ಮ, ಅವತ್ತು ಅಯ್ಯ ಬಾರಿಸಿದ್ದು ದಿನದಂಗೇ ಇತ್ತಾ?"

ಅವಳು ಕೈ ಕೊಡವಿಕೊಂಡು ನಿಂತಳು. "ಅದ್ನ ಯಾರೂ ಕೇಳ್ನಿಲ್ಲ, ನಾನೂ ಯೋಳ್ನಿಲ್ಲ. ಬಾರುಸ್ದ್ರಾ ಅಂದ್ರಿ, ಊ ಬಾರುಸ್ದ್ರು ಅಂದೆ."

"ಈಗ ಕೇಳ್ತಿದ್ದೀನಲ್ಲ."

"ಸುರೂನಾಗೆ ಎಳ್ದು ಎಳ್ದು ಬಾರುಸ್ದ್ರು ಕಣಪ್ಪ. ಅಯ್ಯ ಅಂಗೆ ಎಳಿಯೋರಲ್ಲ. ದನೀನೂ ದಪ್ಪಗಿತ್ತು, ನೆಗ್ಡಿ ಆದೋರ ಗಂಟ್ಲಂಗೆ. ನನ್ ಎಮ್ಮೆ ಸೊರ ಬುಡ್ದೆ, ಹಾಲು ಇಳಿಸ್ದೆ ಒದ್ದಾಡ್ತು. ಆಮ್ಯಾಕೆ ತಾನೇ ಸರಿಹೋಯ್ತು."

"ನೆಗಡಿ ಅಯ್ಯಂಗೆ ಆಗಿರ್ಬೋದು. ಪಿಯಾನೋಗ್ಯಾಕೆ ಆಗ್ತದೆ?"

"ನಾನೂ ಅದ್ನೇ ಅಂದ್ಕಂಡೆ. ಮನ್ಸಿಗೆ ಬ್ಯಾಸ್ರ ಆಗದೇನೋ, ಮೊಮ್ಮಗ್ಳು ಜಗ್ಳ ಆಡವ್ಳಲ್ಲ ಅಂದ್ಕಂಡು ಸುಮ್ನಾದೆ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಆ ಮಗೀನ ಬುಟ್ಬುಡಪ್ಪ. ಅವ್ವ ಅಪ್ಪ ಇಲ್ದೋಳು. ಆ ಅಯ್ಯನ್ನ ಬುಟ್ರೆ ಅವ್ಳಿಗ್ಯಾರಿದ್ರು?"

ಚಿಕ್ಕಸ್ವಾಮಿ ಮನೆಯ ಹಿಂಬದಿಗೆ ನಡೆದ. ಬಿಡುವುದು ಅವನ ಕೈಯಲ್ಲಿರಲಿಲ್ಲ. ಹಿಡಿದದ್ದು ಮಾತ್ರ ಅವನ ಕೈಯಾರೆ.

*

ಚೌಡಯ್ಯನವರ ಮನೆಯ ಹಿಂಬದಿಗೆ ಅವರ ಅಕ್ಕನ ಮಗ ನಂಜಪ್ಪನ ಹೊಲ. ಮನೆ ನಿಂತ ಜಾಗದ ಮೇಲೆ ಮಾವ ಅಳಿಯನ ನಡುವೆ ಹಳೆಯ ತಕರಾರಿತ್ತು, ಮಾತು ಬಿಡುವಷ್ಟಲ್ಲ. ಪಂಪುಮನೆಯ ಮುಂದೆ ನಂಜಪ್ಪ ಬೀಡಿ ಸೇದುತ್ತ ಕುಕ್ಕರುಗಾಲಲ್ಲಿ ಕುಳಿತಿದ್ದ. ಪೊಲೀಸರನ್ನು ಕಂಡು ಬೀಡಿ ಎಸೆದು ಎದ್ದ.

"ನಂಜಪ್ಪ, ಅವತ್ತು ಆರು ಗಂಟೆಗೆ ನಿನ್ನ ಮಾವನ್ನ ಕಣ್ಣಾರೆ ಕಂಡೆ ಅಂದಿದ್ದೀಯ."

"ಊ ಸ್ವಾಮಿ. ಇಲ್ಲೇ ನಿಂತಿದ್ದೆ. ಆ ಕಿಟ್ಕೀಲಿ ಕಾಣ್ತಿದ್ರು, ಬಾರುಸ್ತಾ ಕುಂತಿದ್ರು."

"ಏನು ಕಾಣ್ತಿತ್ತು?"

"ಬೆನ್ನು."

ಚಿಕ್ಕಸ್ವಾಮಿ ಕಿಟಕಿಯ ಕಡೆ ನೋಡಿದ. ನಿಧಾನವಾಗಿ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಅವನನ್ನು ಬಲ್ಲವರಿಗೆ ಅದು ಒಳ್ಳೆಯ ಲಕ್ಷಣವಲ್ಲ ಎಂದು ಗೊತ್ತು.

"ಪಿಯಾನೋ ಕಿಟಕಿಗೆ ಒರಗ್ಸಿದೆ ನಂಜಪ್ಪ. ಬಾರಿಸೋರು ಕಿಟಕಿ ಕಡೆ ಮುಖ ಮಾಡಿ ಕೂರ್ಬೇಕು. ಇಲ್ಲಿಂದ ನೋಡಿದ್ರೆ ಮುಖ ಕಾಣ್ಬೇಕು. ಬೆನ್ನು ಹೆಂಗೆ ಕಂಡೆ?"

ನಂಜಪ್ಪ ಕಿಟಕಿಯನ್ನು ನೋಡಿದ, ನೆಲವನ್ನು ನೋಡಿದ. ಹೆಗಲ ಮೇಲಿನ ಟವಲನ್ನು ತೆಗೆದು ಮತ್ತೆ ಹಾಕಿಕೊಂಡ.

"ಮಾತಾಡು."

"ಕಾಣ್ನಿಲ್ಲ ಸ್ವಾಮಿ. ಕೇಳುಸ್ತು."

"ಕೇಳಿದ್ದನ್ನ ಕಂಡೆ ಅಂತ ಯಾಕೆ ಹೇಳ್ದೆ?"

"ಇಪ್ಪತ್ತಾರು ವರ್ಸದಿಂದ ಕೇಳ್ತಿವ್ನಿ. ಕೇಳುದ್ರೆ ಕಂಡಂಗೇ ಅಲ್ವಾ? ನಿಮ್ ರೈಟ್ರು ಹೊನ್ನಪ್ಪೋರು 'ಕಂಡ್ಯೇನೋ' ಅಂದ್ರು. ಪೊಲೀಸ್ರು ಕೇಳ್ದಾಗ ಇಲ್ಲ ಅನ್ನದೆಂಗೆ, ಊ ಅಂದೆ. ಬೆನ್ನೋ ಮೊಕ್ವೋ ಅಂದ್ರು. ಬೆನ್ನು ಅಂದೆ."

"ನಿನ್ನ ಬೆನ್ನು ಬಿಸಿ ಮಾಡ್ತೀನಿ ಈಗ. ಒಂದು ಹುಡುಗಿ ಜೈಲಿಗೆ ಹೋಗ್ತಾಳೆ, ಗೊತ್ತಾ ನಿಂಗೆ? ಆರು ಗಂಟೇಲಿ ಅವರು ಬದುಕಿದ್ರು ಅನ್ನೋದು ನಿಂತಿರೋದು ನಿನ್ನ ಮಾತಿನ ಮೇಲೆ."

"ಬದ್ಕಿದ್ರಲ್ಲ ಸ್ವಾಮಿ, ಬಾರುಸ್ತಿದ್ರಲ್ಲ," ಎಂದ ನಂಜಪ್ಪ. "ಊರೇ ಕೇಳದೆ."

ಸುಳ್ಳು ಹೇಳಿದವನು ಸಿಕ್ಕಿದ್ದ, ಆದರೆ ಅವನ ಸುಳ್ಳು ಬಿದ್ದುಹೋದರೂ ಆ ಸಂಗೀತ ಹಾಗೇ ನಿಂತಿತ್ತು. ಸತ್ತವರು ಬಾರಿಸುವುದಿಲ್ಲ.

ಅಷ್ಟರಲ್ಲಿ ಬೀಗ ಹಾಕಿದ್ದ ಪಂಪುಮನೆಯೊಳಗೆ ಖಟ್ ಎಂದು ಸದ್ದಾಯಿತು. ಮೋಟಾರು ಗುಂಯ್‌ಗುಟ್ಟಿತು. ಕೊಳವೆ ಎರಡು ಸಲ ಕೆಮ್ಮಿ ನೀರು ಉಗುಳಿತು.

ಚಿಕ್ಕಸ್ವಾಮಿ ಒಂದು ಹೆಜ್ಜೆ ಹಿಂದೆ ಸರಿದ. "ಒಳಗ್ಯಾರಿದ್ದಾರೆ?"

"ಯಾರಿಲ್ಲ ಸ್ವಾಮಿ. ಆರು ಗಂಟೆ ಆಯ್ತಲ್ಲ, ಕರೆಂಟು ಬತ್ತು. ಊರ್ಗೂ ಪಂಪ್ಗೂ ಒಂದೇ ಲೈನು, ಈ ವಾರ ನಮ್ಗೆ ಸಂಜೆ ಪಾಳಿ. ಸ್ಟಾರ್ಟ್ರು ಆಟೋದಲ್ಲಿ ಮಡ್ಗಿರ್ತೀವಿ, ಕರೆಂಟು ಬಂದೇಟ್ಗೆ ತಾನೇ ಓಡ್ತದೆ. ನಾವು ಮನೇಲಿ ಮಲ್ಗಿದ್ರೂ ನೀರು ಆಯ್ತಿರ್ತದೆ." ಮಾತು ಬೇರೆ ಕಡೆ ತಿರುಗಿದ್ದಕ್ಕೆ ನಂಜಪ್ಪನಿಗೆ ಜೀವ ಬಂದಿತ್ತು. "ನಮ್ ಕೃಷ್ಣ ಆಕ್ಕೊಟ್ಟಿದ್ದು. ನನ್ ಮಗ. ಕೆ.ಆರ್. ಪೇಟೇಲಿ ರೇಡಿಯೋ ರಿಪೇರಿ ಅಂಗ್ಡಿ ಮಡಗವ್ನೆ. ಊರ್ಗೆಲ್ಲ ಅವ್ನೇ ಆಕ್ಕೊಟ್ಟವ್ನೆ."

ಸುತ್ತ ಒಂದಾದ ಮೇಲೊಂದು ಹೊಲದಲ್ಲಿ ಮೋಟಾರುಗಳು ಎದ್ದವು. ಎಲ್ಲೂ ಒಬ್ಬ ಮನುಷ್ಯನಿರಲಿಲ್ಲ. ಪಂಪುಮನೆಯ ಸೂರಿನ ಬಲ್ಬು ಕೆಂಡದಂತೆ ಕೆಂಪಾಗಿ, ತನ್ನನ್ನು ತಾನೂ ಬೆಳಗಲಾರದೆ ನಿಂತಿತು. ಎಲ್ಲ ಮೋಟಾರೂ ಒಟ್ಟಿಗೆ ಎಳೆದರೆ ಓಲ್ಟೇಜು ಎಲ್ಲಿಂದ ಬರಬೇಕು?

ಬೀದಿಯ ತುದಿಯ ಟೀ ಅಂಗಡಿಯಲ್ಲಿ ಟೇಪ್ ರೆಕಾರ್ಡರು ಹಾಡಲು ಶುರು ಮಾಡಿತು. ಹಾಡುವ ಹೆಂಗಸಿನ ದನಿ ಗಂಡಸಿನ ದನಿಯಾಗಿ, ದಪ್ಪವಾಗಿ, ಎಳೆದೆಳೆದು ಬಂತು. ಆ ಊರಿನಲ್ಲಿ ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಹತ್ತು ನಿಮಿಷದಲ್ಲಿ ಒಂದಷ್ಟು ಮೋಟಾರು ಸುಸ್ತಾಗಿ ನಿಲ್ಲುತ್ತವೆ, ಹಾಡು ಸರಿಹೋಗುತ್ತದೆ.

ನೆಗಡಿ ಆದವರ ಗಂಟಲಿನಂತೆ, ಅಂದಿದ್ದಳು ಬೈರಮ್ಮ. ಆಮೇಲೆ ತಾನೇ ಸರಿಹೋಯ್ತು.

ಚಿಕ್ಕಸ್ವಾಮಿ ಟೋಪಿ ಹಾಕಿಕೊಂಡು, ನಂಜಪ್ಪನನ್ನು ಅಲ್ಲೇ ಬಿಟ್ಟು, ಕಬ್ಬಿನ ಬದುವಿನ ಮೇಲೆ ಓಡಿದ. ಐವತ್ತೆರಡರ ವಯಸ್ಸಿಗೆ ಅದು ಓಟವೇ.

*

ಅರಗು ಒಡೆದು ಒಳಗೆ ಕಾಲಿಟ್ಟಾಗ ಮುಗ್ಗಲು ವಾಸನೆ ಬಡಿಯಿತು. ಖಾಲಿ ಮಂಚ, ಅದರ ಪಕ್ಕ ಪಿಯಾನೋ. ಅದರ ಎಡಕ್ಕೆ ಗೋಡೆಯ ಹಲಗೆಯ ಮೇಲೆ ರೇಡಿಯೋ, ಟೇಪ್ ರೆಕಾರ್ಡರು ಎರಡೂ ಇರುವ ಟೂ-ಇನ್-ಒನ್. 'ಟೂ-ಇನ್-ಒನ್ ಒಂದು, ಚಾಲ್ತಿಯಲ್ಲಿ ಇರುವುದಿಲ್ಲ' ಎಂದು ಮಹಜರಿನಲ್ಲಿ ತಾನೇ ಬರೆಸಿದ್ದು ಚಿಕ್ಕಸ್ವಾಮಿಗೆ ನೆನಪಾಯಿತು. ಚಾಲ್ತಿಯಲ್ಲಿ ಯಾಕಿಲ್ಲ, ಒಳಗೇನಿದೆ ಎಂದು ನೋಡಿರಲಿಲ್ಲ. ಸಂಗೀತಗಾರನ ಮನೆಯಲ್ಲಿ ಟೇಪ್ ರೆಕಾರ್ಡರು ಇರದೆ ಇನ್ನೆಲ್ಲಿರುತ್ತದೆ ಎಂದುಕೊಂಡಿದ್ದ. ತನ್ನ ದಡ್ಡತನಕ್ಕೆ ಅವನಿಗೆ ತನ್ನ ಕೆನ್ನೆಗೇ ಬಾರಿಸಿಕೊಳ್ಳಬೇಕೆನಿಸಿತು.

ಗೋಡೆಯ ಸ್ವಿಚ್ಚು ಇನ್ನೂ ಕೆಳಮುಖವಾಗಿ ಆನ್ ಆಗಿಯೇ ಇತ್ತು.

ಕರವಸ್ತ್ರ ಸುತ್ತಿದ ಬೆರಳಿನಿಂದ ಮುಚ್ಚಳ ತೆರೆದ. ಒಳಗೊಂದು ಕ್ಯಾಸೆಟ್. ಚೀಟಿ ಇಲ್ಲ, ಹೆಸರಿಲ್ಲ, ಟೇಪು ಪೂರ್ತಿ ಓಡಿ ಮುಗಿದಿತ್ತು. ಅದನ್ನು ಮೊದಲಿಗೆ ಸುತ್ತಿ ಗುಂಡಿ ಒತ್ತಿದ.

ಪಿಯಾನೋ ಕೇಳಿಸಿತು. ಎಳೆದೆಳೆದು, ನೆಗಡಿಯಾದ ದನಿಯಲ್ಲಿ. ತಲೆಯ ಮೇಲಿನ ಬಲ್ಬು ಕೆಂಪಗಿತ್ತು.

ಈಗ ಎಲ್ಲವೂ ಬಿಡಿಸಿಟ್ಟಂತಾಯಿತು. ಕರೆಂಟಿಲ್ಲದ ಮಧ್ಯಾಹ್ನ, ಮೂರರಿಂದ ಆರರ ನಡುವೆ, ಯಾರೋ ಬಂದು ಮುದುಕನ ಮುಖಕ್ಕೆ ದಿಂಬು ಒತ್ತಿದ್ದಾರೆ. ಕ್ಯಾಸೆಟ್ ಹಾಕಿ, ಗುಂಡಿ ಒತ್ತಿ, ಸ್ವಿಚ್ಚು ಆನ್ ಮಾಡಿಟ್ಟು ಹೋಗಿದ್ದಾರೆ, ಪಂಪುಸೆಟ್ಟಿಗೆ ಮಾಡುವ ಹಾಗೆಯೇ. ಆರಕ್ಕೆ ಕರೆಂಟು ಬಂದಾಗ ಹೆಣದ ಪಕ್ಕದಲ್ಲಿ ಪಿಯಾನೋ ಹಾಡಿದೆ. ಮೂರರಿಂದ ಆರೂವರೆಯವರೆಗೆ ಪವಿತ್ರ ಎಲ್ಲಿದ್ದಳು? ಆದಿಚುಂಚನಗಿರಿಯ ಕಾಲೇಜು ಮುಗಿಸಿ ಬಸ್ಸಿನಲ್ಲಿದ್ದಳು. ಪಾಂಡವಪುರದ ಹತ್ತಿರ ಬಸ್ಸು ಪಂಕ್ಚರಾಗಿ ಮುಕ್ಕಾಲು ಗಂಟೆ ನಿಂತಾಗ ಕಂಡಕ್ಟರಿಗೆ ಕುಡಿಯಲು ನೀರು ಕೊಟ್ಟಿದ್ದಳು. ಅವನು ಅವಳ ಗುರುತು ಹಿಡಿದಿದ್ದ. ಕೊಲೆ ಆರರ ಮೇಲೆ ಆದದ್ದು ಎಂದು ಆ ಸಾಕ್ಷಿಯನ್ನು ಯಾರೂ ಲೆಕ್ಕಕ್ಕೇ ಇಟ್ಟಿರಲಿಲ್ಲ.

ಬಲ್ಬು ನಿಧಾನವಾಗಿ ಬೆಳ್ಳಗಾಯಿತು. ಪಿಯಾನೋದ ಗಂಟಲು ಬಿಟ್ಟಿತು.

ಚಿಕ್ಕಸ್ವಾಮಿ ಹೊರಟವನು ಹೋಗಲಾರದೆ ನಿಂತ. ಬೆಂಚಿನ ಮೇಲೆ ಸದ್ದಿಲ್ಲದೆ ನಡೆದ ಬೆರಳುಗಳು ಅವನ ಕಣ್ಣ ಮುಂದಿದ್ದವು. ಅದಕ್ಕೇ ಇರಬೇಕು, ಎಲ್ಲವೂ ತಿಳಿಯಿತು. ಅದೇ ಚಿಕ್ಕ ಹಾಡು. ಕೆಳಗೆ ಒಂದು ಮೆಟ್ಟಿಲು. ಮತ್ತೆ ಅದೇ ಹಾಡು, ಆದರೆ ಈಗ ಹೇಳುವವರಿಗೆ ವಯಸ್ಸಾಗಿತ್ತು. ನಡುವೆ ಬಿಸಿಲು ಬಂತು, ಹುಡುಗಿ ಹೇಳಿದಂತೆಯೇ, ಓಡದೆ ಬಂತು. ತೀರಿಕೊಂಡ ಅವ್ವ ಹೊಳೆಯಿಂದ ಒದ್ದೆ ಸೀರೆಯಲ್ಲಿ ಬಿಂದಿಗೆ ಹೊತ್ತು ಬರುತ್ತಿದ್ದುದು ಅವನಿಗೆ ಯಾಕೋ ನೆನಪಾಯಿತು. ಹೆಸರೂ ಉಳಿಯದ ಯಾವನೋ ಜರ್ಮನಿಯವನು, ಅವನನ್ನು ಬಿಡದೆ ಬಾರಿಸಿದ ಪಾಲಹಳ್ಳಿಯ ಮುದುಕ, ಇಬ್ಬರ ಮೇಲೂ ಅವನಿಗೆ ಪ್ರೀತಿ ಹುಟ್ಟಿತು. ಬದುಕಿದ್ದಾಗ ಒಂದು ಸಂಜೆ ಇಲ್ಲಿ ಬಂದು ಕೂರಲಿಲ್ಲವಲ್ಲ ಎಂದು ಸಂಕಟವಾಯಿತು.

ಹೊರಗೆ ಡ್ರೈವರು ಹಾರನ್ ಹೊಡೆದ. ಗಂಟೆ ಆರೂಕಾಲು. ಅರ್ಧದಲ್ಲೇ ನಿಲ್ಲಿಸಿ, ಟೂ-ಇನ್-ಒನ್ನನ್ನು ಬಟ್ಟೆಯಲ್ಲಿ ಸುತ್ತಿ ಮಗುವಿನಂತೆ ಎತ್ತಿಕೊಂಡು ಜೀಪು ಹತ್ತಿದ.

*

"ಹೊನ್ನಪ್ಪ, ಮ್ಯಾಜಿಸ್ಟ್ರೇಟರಿಗೆ ಬೇರೆ ರಿಪೋರ್ಟ್ ಬರಿ," ಎಂದ ಠಾಣೆಯ ಮೆಟ್ಟಿಲು ಹತ್ತುತ್ತಲೇ. "ಕೊಲೆ ನಡೆದ ಹೊತ್ತು ಆರು ಗಂಟೆಗೆ ಮೊದಲು. ಈ ಹುಡುಗಿ ಆಗ ಬಸ್ಸಿನಲ್ಲಿದ್ದಳು. ಬಿಡುಗಡೆಗೆ ಪ್ರಾರ್ಥನೆ ಅಂತ ಬರಿ. ಆ ನಂಜಪ್ಪನ ಬೆನ್ನಿನ ವಿಚಾರ ನಾಳೆ ಮಾತಾಡಣ."

ರೈಟರ್ ಹೊನ್ನಪ್ಪ ಏನೂ ಅರ್ಥವಾಗದೆ ಬಿಳಿ ಹಾಳೆ ತೆಗೆದ. ಪಾರ್ವತಮ್ಮ ಹೇಳದೆಯೇ ಹೋಗಿ ಪವಿತ್ರಳಿಗೆ ಟೀ ತಂದಳು.

ಪವಿತ್ರಳ ಮುಂದೆ ಮೇಜಿನ ಮೇಲೆ ಟೂ-ಇನ್-ಒನ್ ಇಟ್ಟು ಚಿಕ್ಕಸ್ವಾಮಿ ನಡೆದದ್ದನ್ನೆಲ್ಲ ಹೇಳಿದ. "ಇನ್ನೊಂದು ಗಂಟೆ ತಡ್ಕೊ. ಪಾರ್ವತಮ್ಮನೇ ನಿನ್ನ ಊರಿಗೆ ಬಿಟ್ಟು ಬರ್ತಾಳೆ. ಅಲ್ಲೀಗಂಟ ನಿಮ್ಮ ತಾತನ ಕೈ ಇನ್ನೊಂದ್ಸಲ ಕೇಳು. ಆಮೇಲೆ ಇದು ಕೋರ್ಟಿನ ಪಾಲಾಗ್ತದೆ."

ಅವಳು ಟೀ ಮುಟ್ಟಲಿಲ್ಲ. ಮುಖದಲ್ಲಿ ಸಂತೋಷದ ಗೆರೆಯೂ ಮೂಡಲಿಲ್ಲ. ಅರ್ಧದಿಂದ ಹಾಡು ಮುಂದುವರಿದಾಗ ಬೆಂಚನ್ನು ಹಿಡಿದುಕೊಂಡಳು.

"ಸಾಕು ಸಾರ್. ನಿಲ್ಸಿ."

ದುಃಖ ಉಮ್ಮಳಿಸಿರಬೇಕು ಎಂದುಕೊಂಡ ಚಿಕ್ಕಸ್ವಾಮಿ. "ಇನ್ನೇನು ಮುಗೀತು. ಕೊನೇ ಹಾಳೆ ಇರ್ಬೇಕಲ್ವಾ ಇದು?"

"ನಿಲ್ಸಿ ಸಾರ್, ನಿಮ್ಮ ಕಾಲಿಗೆ ಬೀಳ್ತೀನಿ."

ಅವನು ನಿಲ್ಲಿಸಲಿಲ್ಲ. ಎಡಗೈ ಒಂದೊಂದೇ ಮೆಟ್ಟಿಲು ಇಳಿಯುತ್ತಿತ್ತು, ಅವನೂ ಜೊತೆಯಲ್ಲೇ ಇಳಿಯುತ್ತಿದ್ದ. ಹಾಡು ತೆಳುವಾಗುತ್ತ ಬಂತು. ಇನ್ನು ಒಂದೇ ಮೆಟ್ಟಿಲು. ಇಲ್ಲಿ ಸುಮ್ಮನಾಗುತ್ತಾರೆ, ಇಲ್ಲಿ ಕಾಲು ಕುಟ್ಟುತ್ತಾರೆ ಎಂದು ಕಿವಿ ಕೊಟ್ಟು ಕಾದ.

ಕಾಲಿನ ಸದ್ದು ಬರಲಿಲ್ಲ. ಆ ಜಾಗದಲ್ಲಿ ಆಳದಿಂದ ಒಂದು ಸ್ವರ ಎದ್ದಿತು. ತುಂಬಿದ, ದುಂಡನೆಯ ಸ್ವರ. ನೀರಿಗೆ ಕಾಲಿಟ್ಟಂತೆಯೇ ಇತ್ತು. ಅದು ಠಾಣೆಯ ಗೋಡೆಗಳಿಗೆ ತಾಗಿ ಬಹಳ ಹೊತ್ತು ನಿಂತಿತು.

ಅದು ಕಿರುಬೆರಳಿರುವವರ ಕೈ.

ಸ್ವರ ಆರಿದ ಮೇಲೆ ಟೇಪಿನಲ್ಲಿ ಕುರ್ಚಿ ಸರಿದ ಸದ್ದು. ಆಮೇಲೆ ತೀರ ಹತ್ತಿರದಿಂದ, ಗುಂಡಿ ಒತ್ತಲು ಬಗ್ಗಿದ ಗಂಡಸಿನ ಮೆಲುದನಿ. ಎರಡೇ ಮಾತು.

"ಬಂತು ಕಣೆ."

ಖಟ್. ಅಲ್ಲಿಂದ ಮುಂದೆ ಬರೀ ಟೇಪು ಸುತ್ತುವ ಸದ್ದು.

ಚಿಕ್ಕಸ್ವಾಮಿ ಯಂತ್ರವನ್ನು ಆರಿಸಿದ. ಇಡೀ ತಾಲ್ಲೂಕಿನಲ್ಲಿ ಆ ಹಾಡನ್ನು ಹತ್ತು ಬೆರಳಿನಿಂದ ಬಾರಿಸಬಲ್ಲವರು ಒಬ್ಬರೇ. ಸಂಗೀತದ ಗಂಧಗಾಳಿ ಇಲ್ಲದ ಅವನಿಗೆ ಇದನ್ನು ಕೇಳಲು ಕಲಿಸಿದವಳೂ ಅವಳೇ. ಕಲಿಯದೆ ಇದ್ದಿದ್ದರೆ ಈ ಹೊತ್ತಿಗೆ ಅವಳನ್ನು ಮನೆಗೆ ಕಳಿಸಿರುತ್ತಿದ್ದ.

"ಇದು ನಿನ್ನ ಕೈ ಪವಿತ್ರ."

ಅವಳು ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ತಾತ ಮನೇಲಿ ಇಲ್ಲದಾಗ ಬಾರಿಸಿದ್ದೀಯ. ತಪ್ಪೇನಿಲ್ಲ. ರೆಕಾರ್ಡ್ ಮಾಡ್ಕೊಂಡೋನು ಯಾರು? ಕ್ಯಾಸೆಟ್ಟು ಯಾರ ಹತ್ರ ಇತ್ತು? ಅದೊಂದು ಹೇಳು ಸಾಕು. ನೀನು ಬಸ್ಸಿನಲ್ಲಿದ್ದೆ, ನಿನಗೇನೂ ಆಗಲ್ಲ."

ಮೂರು ದಿನದಿಂದ 'ನಾನಲ್ಲ ಸಾರ್' ಎಂಬ ಒಂದೇ ಮಾತನ್ನು ಹೇಳುತ್ತ ಬಂದಿದ್ದ ಹುಡುಗಿ ಎದ್ದು ನಿಂತಳು. ಕಣ್ಣಲ್ಲಿ ನೀರಿರಲಿಲ್ಲ. ಮೇಜಿನ ಅಂಚಿನ ಮೇಲೆ ಅವಳ ಎಡಗೈ ಕಿರುಬೆರಳು ಒತ್ತಿ ಒತ್ತಿ ಬಿಳಿಚಿಕೊಂಡಿತ್ತು.

"ಆ ಕ್ಯಾಸೆಟ್ಟು ಕೋರ್ಟಿಗೆ ಬೇಡ ಸಾರ್. ಅಳಿಸ್ಬುಡಿ."

"ಇದು ಅಳಿಸಿದ್ರೆ ನಿನ್ನ ಕಾಯೋದು ಏನೂ ಇರಲ್ಲ."

"ಬೇಡ. ನಾನು ಆರೂವರೆಗೆ ಒಳಗೋದೆ. ತಾತ ಮಲ್ಗಿದ್ರು. ದಿಂಬು ನಾನೇ ಒತ್ತಿದ್ದು. ಹಂಗೇ ಬರ್ಕೊಳಿ, ರುಜು ಹಾಕ್ತೀನಿ."

ಊರಿಗೆಲ್ಲ ತಾನೇ ಓಡುವ ಸ್ಟಾರ್ಟರು ಹಾಕಿಕೊಟ್ಟ, ರೇಡಿಯೋ ರಿಪೇರಿಯ ಕೃಷ್ಣನ ಹೆಸರು ಚಿಕ್ಕಸ್ವಾಮಿಯ ತಲೆಯಲ್ಲಿ ಸುಳಿಯಿತು. ಪಾರ್ವತಮ್ಮ ಬಾಗಿಲಿಂದ ಎರಡು ಹೆಜ್ಜೆ ಒಳಗೆ ಬಂದು ಅಲ್ಲೇ ನಿಂತಳು. ಟೀ ಲೋಟದ ಮೇಲೆ ಕೆನೆ ಕಟ್ಟಿತ್ತು. ಗೋಡೆಯ ಗಡಿಯಾರದಲ್ಲಿ ಏಳೂಕಾಲು.

ರೈಟರ್ ಹೊನ್ನಪ್ಪ 'ಬಿಡುಗಡೆಗೆ ಪ್ರಾರ್ಥನೆ' ಎಂದು ಬರೆದು ಮುಗಿಸಿದ್ದ ಹಾಳೆಯನ್ನು ಒಮ್ಮೆ ನೋಡಿದ, ಅವಳನ್ನು ಒಮ್ಮೆ ನೋಡಿದ. ಪೆನ್ನಿನ ಮುಚ್ಚಳ ಕೈಯಲ್ಲೇ ಇತ್ತು.

"ಸಾರ್," ಎಂದ, "ಈಗ ಯಾವ್ದುನ್ನ ಬರೀಲಿ?"